ಬಿಡಿ ಅಂದದ್ದು

ಟೀಚರಮ್ಮನಿಗೆ ಗಲಾಟೆ ಗೊತ್ತಿತ್ತು, ಮೌನ ಗೊತ್ತಿರಲಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದಷ್ಟು ವರ್ಷವೂ ಗಂಟಲು ಹರಿದುಕೊಂಡೇ ಕಲಿಸಿದವರು. ನಿವೃತ್ತಿಯಾದ ಮೇಲೆ ತಂಗಿಯ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ, ದೊಡ್ಡವರಿಗಾಗಿ ಜಲವರ್ಣದ ಕ್ಲಾಸು ಶುರು ಮಾಡಿದರೆ, ಬಂದ ಐವರೂ ಬಾಯಿಗೆ ಬೀಗ ಹಾಕಿಕೊಂಡೇ ಬಂದರು. ಒಂದು ಅತ್ತೆ-ಸೊಸೆ ಜೋಡಿ, ಔಷಧಿ ಅಂಗಡಿಯವನು, ಬ್ಯಾಂಕಿನ ಕ್ಯಾಷಿಯರ್, ನಿವೃತ್ತ ಬಸ್ ಡ್ರೈವರ್. ಅತ್ತೆ-ಸೊಸೆಯರೇ ತುಟಿ ಪಿಟಕ್ಕೆನ್ನದೆ ಕೂತ ಮೇಲೆ ಮಿಕ್ಕವರ ಮಾತೇನು!

"ಅರ್ಥವಾಯ್ತಾ?" ಅಂದರೆ ತಲೆಯಾಡಿಸುವರು. "ಕಷ್ಟವಾಯ್ತಾ?" ಅಂದರೂ ಅದೇ ತಲೆ, ಅದೇ ಆಟ. ಗೋಡೆಗೆ ಪಾಠ ಹೇಳಿದ ಹಾಗಾಗುತ್ತಿತ್ತು.

ಡ್ರೈವರ್ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಕುಂಚವನ್ನು ಗೇರ್ ಹಿಡಿದಂತೆ ಹಿಡಿದು ವಾರವಾರವೂ ಒಂದೇ ಚಿತ್ರ: ಕಿಟಕಿಯ ಪಕ್ಕ ಕೂತ ಹೆಂಡತಿ. ಒಂದು ಭಾನುವಾರ ಅವರು ಬರಲಿಲ್ಲ. ಮುಂದಿನ ವಾರವೂ ಇಲ್ಲ.

ಟೀಚರಮ್ಮನಿಗೆ ದಿಗಿಲಾಯಿತು. ಒಬ್ಬರು ಹೋದರೆ ಹಿಂದೆಯೇ ಎಲ್ಲರೂ ಹೋಗುತ್ತಾರೆ. ತಂಗಿಯಂತೂ ಇನ್ನೊಂದು ಹೊಲಿಗೆ ಮೆಷಿನ್ ಹಾಕಲು ಆ ಕೋಣೆಯ ಮೇಲೆ ಆಗಲೇ ಕಣ್ಣು ಹಾಕಿದ್ದಳು.

"ಡ್ರೈವರ್ ಯಾಕೆ ಬರ್ತಿಲ್ಲ, ಯಾರಿಗಾದ್ರೂ ಗೊತ್ತಾ?"

ಎಲ್ಲರೂ ತಮ್ಮ ತಮ್ಮ ಕಾಗದ ನೋಡಿಕೊಂಡರು. ಕೊನೆಗೆ ಅತ್ತೆ ಬಾಯಿ ತೆರೆದರು. "ನೀವೇ ಬಿಡಿ ಅಂದ್ರಲ್ಲ ಮೇಡಂ."

"ನಾನಾ?"

"ಅವರ ಹಿಂದೆ ನಿಂತ್ಕೊಂಡು, ಬಿಡಿ, ಬಿಡಿ, ಸಾಕು ಬಿಡಿ ಅಂದ್ರಿ. ಪಾಪ, ಕುಂಚ ತೊಳೆದು ಎದ್ದುಹೋದ್ರು. ಮುಂದಿನ ಸರದಿ ನಮ್ಮದೇ ಅಂತ ನಾವೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದೀವಿ."

ಸೊಸೆ ಮೊದಲ ಬಾರಿಗೆ ಅತ್ತೆಯ ಮಾತಿಗೆ ಹೂಂಗುಟ್ಟಿದಳು.

ಟೀಚರಮ್ಮನಿಗೆ ನಾಚಿಕೆಯಾಯಿತು. ಜಲವರ್ಣದಲ್ಲಿ ಬಿಳಿ ಬೇಕಾದ ಕಡೆ ಬಣ್ಣ ಹಚ್ಚುವಂತಿಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಅವತ್ತು ಹೆಂಡತಿಯ ನರೆಗೂದಲಿನ ಮೇಲೆ ಕುಂಚ ಇಳಿಯುವುದರಲ್ಲಿತ್ತು; ಗಾಬರಿಯಲ್ಲಿ ಬಿಡಿ ಅಂದಿದ್ದರು. ಶಾಲೆಯ ಮಕ್ಕಳಾಗಿದ್ದರೆ "ಏನು ಬಿಡ್ಬೇಕು ಮಿಸ್?" ಅಂತ ಕಿರುಚಿ ಕೇಳುತ್ತಿದ್ದವು. ದೊಡ್ಡವರು ಕೇಳುವುದಿಲ್ಲ, ಎದ್ದುಹೋಗುತ್ತಾರೆ.

ಔಷಧಿ ಅಂಗಡಿಯವನಿಗೆ ಡ್ರೈವರ್ ಮನೆ ಗೊತ್ತಿತ್ತು. ಸಂಜೆ ಟೀಚರಮ್ಮ ಒಂದು ಗ್ಯಾರೇಜಿನ ಹಿಂದಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ತೆರೆದದ್ದು ಚಿತ್ರದ ಹೆಂಗಸೇ. ತಲೆಯೆಲ್ಲ ಬೆಳ್ಳಗೆ, ನಾಲಿಗೆ ಚುರುಕು.

"ನೀವೇನಾ ಆ ಮೇಡಂ? ಕುಡಿತ ಬಿಡಿಸೋಕೆ ಅಂತ ಇವರನ್ನ ಚಿತ್ರ ಬಿಡಿಸೋಕೆ ಕಳಿಸಿದ್ದೆ. ಬಿಟ್ಟಿದ್ರು ಕಣ್ರೀ! ನೀವು ಚಿತ್ರಾನೇ ಬಿಡಿಸಿಬಿಟ್ರಿ. ನಿನ್ನೆ ಬಾಟ್ಲಿ ತಂದಿಟ್ಕೊಂಡಿದಾರೆ. ಇನ್ನೂ ಮುಚ್ಚಳ ತೆಗೆದಿಲ್ಲ, ಅಷ್ಟೇ."

ನಗಲೂ ಆಗದೆ ಅಳಲೂ ಆಗದೆ ಟೀಚರಮ್ಮ ಹೊಸ್ತಿಲಲ್ಲೇ ನಿಂತರು. ಒಳಗೆ ಡ್ರೈವರ್ ತಲೆ ತಗ್ಗಿಸಿ ಕೂತಿದ್ದರು.

"ತಪ್ಪು ನಂದು. ಬಿಡಿ ಅಂದಿದ್ದು ಕೂದಲಿಗೆ, ನಿಮಗಲ್ಲ. ಅಷ್ಟು ಜಾಗ ಬೆಳ್ಳಗೆ ಬಿಡಿ ಅಂತ. ಭಾನುವಾರ ಬರ್ತೀರಾ?"

ಡ್ರೈವರ್ ತಲೆಯಾಡಿಸಿದರು. ಆ ತಲೆಯಾಟವನ್ನು ನಂಬುವುದು ಹೇಗೆ? ವಾರವಿಡೀ ಟೀಚರಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಬಾಗಿಲು ತೆಗೆಯುವ ಮೊದಲೇ ಡ್ರೈವರ್ ಮೆಟ್ಟಿಲ ಮೇಲೆ ಕೂತಿದ್ದರು. ಮತ್ತೆ ಅದೇ ಕಿಟಕಿ, ಅದೇ ಹೆಂಡತಿ. ಕುಂಚ ಕೂದಲಿನ ಹತ್ತಿರ ಬಂದಾಗ ಹಿಂದೆ ನಿಂತಿದ್ದ ಟೀಚರಮ್ಮ ನಾಲಿಗೆ ಬಿಗಿ ಹಿಡಿದರು. ಕೋಣೆಯ ಕುಂಚಗಳೆಲ್ಲ ನಿಂತವು.

ಡ್ರೈವರ್ ತಿರುಗಿ ನೋಡದೆ ಕೇಳಿದರು: "ಬಿಡ್ಲಾ ಮೇಡಂ?"

ಸೊಸೆ ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕರು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ.

"ಕೂದಲು ಬಿಡಿ," ಅಂದರು ಟೀಚರಮ್ಮ. "ಬರೋದನ್ನ ಮಾತ್ರ ಬಿಡಬೇಡಿ."

ಡ್ರೈವರ್ ಈ ಸಲ ತಲೆಯಾಡಿಸಲಿಲ್ಲ. ಬಾಯಿ ಬಿಟ್ಟೇ ಹೇಳಿದರು: "ಬಿಡಲ್ಲ ಮೇಡಂ. ಬಾಟ್ಲಿ ಸಿಂಕಿಗೆ ಸುರಿದೆ."