ಕುರಿ ದಾಟದ ನೀರು

ಯಮನವ್ವನಿಗೂ ಶಿದ್ರಾಯನಿಗೂ ಮದುವೆಯಾಗಿ ಮೂವತ್ತೆಂಟು ವರ್ಷ. ಇಷ್ಟು ವರ್ಷದಲ್ಲಿ ಗಂಡ ಹೆಂಡತಿ ಜೋಡಿಯಾಗಿ ಒಂದು ಊರಿಗೆ ಹೋಗಿ ಬಂದದ್ದಿಲ್ಲ. ಕುರಿ ಇರುವ ಮನೆಯ ರೀತಿಯೇ ಹಾಗೆ. ಮದುವೆಗೆ ಅವಳು ಹೋದರೆ ಸತ್ತವರ ಮಣ್ಣಿಗೆ ಅವನು ಹೋಗಬೇಕು. ಮಗಳು ದೀಪಾಲಿಯ ಲಗ್ನದ ದಿನವೂ ಶಿದ್ರಾಯ ಅಕ್ಷತೆಯ ಹೊತ್ತಿಗೆ ಬಂದು, ಕಾಳು ಹಾಕಿ, ತಲೆಯ ಪಟಗಾ ಬಿಚ್ಚದೆ ತಿರುಗಿ ಹಿಂಡಿನ ಕಡೆಗೆ ನಡೆದಿದ್ದ. ಬೀಗರು ಅದನ್ನು ಇನ್ನೂ ಆಡಿಕೊಳ್ಳುತ್ತಾರೆ.

ಯುಗಾದಿ ಮುಗಿದ ಮೇಲೆ ದೀಪಾಲಿ, ಅವಳ ಗಂಡ ಸೋಮಲಿಂಗ ಮಿರಜದಿಂದ ವಳಸಂಗದ ಮನೆಗೆ ಬಂದರು. ಸೋಮಲಿಂಗ ಸಾಲಿ ಮಾಸ್ತರ.

"ಅವ್ವಾ, ಮೇ ಸೂಟಿಗೆ ನಿಮ್ಮಿಬ್ಬರನ್ನೂ ಎಲ್ಲಿಗಾರ ಕರ್ಕೊಂಡು ಹೋಗಬೇಕಂತ ಮಾಡೇವಿ. ಎಲ್ಲಿಗೆ ಹೋಗೂಣು ಹೇಳು" ಎಂದಳು ದೀಪಾಲಿ.

"ಪಂಢರಪುರಕ್ಕ ಹೋಗಿ ಬರೂಣಲ್ಲ" ಎಂದ ಶಿದ್ರಾಯ.

"ಬ್ಯಾಡ. ಪಂಢರಪುರಾದ್ರ ನಿಮ್ಮಪ್ಪ ಸಂಜೀಕ ಜೀಪು ಹತ್ತಿ ಬಂದ್ಬಿಡ್ತಾರ" ಎಂದಳು ಯಮನವ್ವ. "ಕುರಿ ದಾಟಿ ಬರಲಾರದಂಥಾ ಊರು ಯಾವುದರ ಇದ್ದರ ಹೇಳವಾ."

ಸೋಮಲಿಂಗ ನಕ್ಕ. "ಹಂಗಾರ ಅಂದಮಾನs ಸೈ, ಅತ್ತಿ. ನಾಕೂ ಕಡಿ ಸಮುದ್ರ. ಫೋನ್ ಸುದ್ದಾ ಹತ್ತಂಗಿಲ್ಲ ಕೆಲವು ಕಡಿ."

ನಗೆಯಲ್ಲಿ ಆಡಿದ ಮಾತು ನಿಜವೇ ಆಯಿತು. ದೀಪಾಲಿ ಮೊಬೈಲಿನಲ್ಲಿ ನಕಾಶೆ ತೆರೆದು ತೋರಿಸಿದಳು. ನೀಲಿಯ ಮೇಲೆ ಹಸಿರು ಚುಕ್ಕಿಗಳು, ಒಂದು ದೊಡ್ಡದು, ನಾಲ್ಕು ಸಣ್ಣವು, ದೂರದಲ್ಲಿ ಮತ್ತಷ್ಟು. ಶಿದ್ರಾಯ ಕಣ್ಣು ಕಿರಿದು ಮಾಡಿ ನೋಡಿದ.

"ಹಿಂಡು ಚದುರಿದಂಗ ಅದಾವಲ್ಲ. ಇವನ್ನ ಕೂಡಿಸವರು ಯಾರೂ ಇಲ್ಲೇನು?"

"ನೀ ಹೋಗಿ ಕೂಡಸಪ್ಪಾ" ಎಂದಳು ಮಗಳು. ಆ ಸಂಜೆಯೇ ನಾಲ್ಕು ಟಿಕೆಟ್ ತೆಗೆದರು. ಹತ್ತು ದಿನದ ಪ್ರವಾಸ.

ಅಂದಿನಿಂದ ಯಮನವ್ವನ ತಲೆಯ ತುಂಬ ಬರೀ ಯೋಚನೆ. ಮೀನು ತಿನ್ನುವವರ ಊರಲ್ಲಿ ರೊಟ್ಟಿ ಸಿಗುತ್ತದೋ ಇಲ್ಲವೋ ಎಂದು ಕಡಕ್ ರೊಟ್ಟಿ ಬಡಿದು ಒಣಗಿಸಿದಳು, ಶೇಂಗಾ ಚಟ್ನಿ ಕುಟ್ಟಿದಳು. ಶಿದ್ರಾಯನಿಗೆ ಇದ್ದದ್ದು ಒಂದೇ ಚಿಂತೆ. "ವಿಮಾನದಾಗ ತಂಬಾಕ ಉಗಳಾಕ ಎಲ್ಲಿಗೆ ಏಳಬೇಕು?" ಅವಳಿಗೆ ಸಮುದ್ರದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಇವನ ಪಕ್ಕದಲ್ಲಿ ಕುಳಿತಾಗ ಇವನ ಕಿವಿ ಬೇರೆಲ್ಲೋ ಇರಬಾರದು, ಅಷ್ಟೇ. ಹೊಲದ ಬದುವಿನ ಮೇಲೆ ಕೂತು ಉಣ್ಣುವಾಗಲೂ ಒಂದು ಕುರಿ ಕೆಮ್ಮಿದರೆ ಅರ್ಧ ರೊಟ್ಟಿ ಬಿಟ್ಟು ಏಳುವವನು ಅವನು. ಹತ್ತು ದಿನ ಅವನು ಪೂರ್ತಿ ಅವಳ ಜೊತೆ ಇರಬೇಕು. ಇದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸು ಹೇಳುವ ಮಾತೂ ಅಲ್ಲ.

ಹಿಂಡು ನೋಡಿಕೊಳ್ಳಲು ಮೈದುನ ರಾಮಲಿಂಗ ಒಪ್ಪಿದ. ಹಳ್ಳದ ಆಚೆ ಅವನ ಮನೆ. ಆರು ವರ್ಷದ ಹಿಂದೆ ಕಾಲುವೆ ಬಂದಾಗ ತನ್ನ ಪಾಲಿನ ಕುರಿ ಮಾರಿ ದಾಳಿಂಬೆ ಹಚ್ಚಿದ್ದ. ಯಮನವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಎಂಟು ವರ್ಷದವನು, ಅವಳ ಕೈಯ ಅನ್ನ ಉಂಡು ಬೆಳೆದವನು.

"ಹತ್ತು ದಿನ ಯಾಕ ವೈನಿ, ತಿಂಗಳ ಇದ್ದು ಬರ್ರಿ ಇಬ್ರೂ. ನಾ ಕುರಿ ಕಾಯೂದು ಮರ್ತೀನಂತ ಮಾಡಿಯೇನು?"

"ನೀ ಮರೀಲಿಕ್ಕಿಲ್ಲ. ಕುರಿ ನಿನ್ನ ಮರತಾವಲ್ಲ" ಎಂದಳು.

ಅದಕ್ಕಾಗಿ ಹದಿನೈದು ದಿನ ಅವನು ಅಣ್ಣನ ಜೊತೆ ಹಿಂಡಿನ ಹಿಂದೆ ತಿರುಗಿದ. ಮೊದಮೊದಲು ಅವನ ದನಿಗೆ ಕುರಿಗಳು ಮುಖ ಎತ್ತುತ್ತಿರಲಿಲ್ಲ. ಆಮೇಲಾಮೇಲೆ ಹೊಂದಿಕೊಂಡವು. ಒಂದು ದಿನ ಪೂರ್ತಿ ಅವನೊಬ್ಬನ ಕೈಗೇ ಬಿಟ್ಟು ನೋಡೋಣವೆಂದು, ಗಂಡ ಹೆಂಡತಿ ತಾಲೂಕಿನ ಊರಾದ ಜತ್ತಿಗೆ ಹೋದರು. ಯಮನವ್ವನ ಆಧಾರ್ ಕಾರ್ಡಿನ ಫೋಟೋ ಬದಲಿಸುವುದಿತ್ತು.

ಅವಳ ಹೆಬ್ಬೆರಳು ಸವೆದು ಯಂತ್ರಕ್ಕೆ ಗುರುತೇ ಸಿಗದೆ, ಆ ಕೆಲಸ ಮುಗಿಯುವುದರೊಳಗೆ ಮಧ್ಯಾಹ್ನವಾಯಿತು. ಹೋಟೆಲಿನಲ್ಲಿ ಎದುರುಬದುರು ಕೂತು ಮಿಸಳ-ಪಾವ ತಿಂದರು. ಹೀಗೆ ಕೂತದ್ದು ಅದೇ ಮೊದಲು.

"ಖಾರ ಆತೇನು?" ಎಂದ ಶಿದ್ರಾಯ.

"ಇಲ್ಲ. ನಿಮಗ?"

"ಇಲ್ಲ. ಇನ್ನೊಂದು ಪಾವ ತಗೋ" ಎಂದು ತನ್ನ ತಟ್ಟೆಯಿಂದ ತೆಗೆದು ಅವಳ ತಟ್ಟೆಗಿಟ್ಟ. ಯಮನವ್ವ ಸೆರಗು ಸರಿಮಾಡಿಕೊಂಡು ಆಚೀಚೆ ನೋಡಿದಳು.

ಚಪ್ಪಲಿ ಅಂಗಡಿಯಲ್ಲಿದ್ದಾಗ ಫೋನು ಬಂತು. ರಾಮಲಿಂಗನ ಹೆಂಡತಿ ಗುರವ್ವ. "ಅಕ್ಕಾ, ಲಗೂನ ಬರ್ರಿ. ಕುರಿ ಬೀಳಾಕ ಹತ್ಯಾವ." ಯಮನವ್ವ ಒಂದು ಕಾಲಿಗೆ ಹಾಕಿದ್ದ ಹೊಸ ಚಪ್ಪಲಿ ಅಲ್ಲೇ ಕಳಚಿಟ್ಟು ಓಡಿದಳು.

ಅವರು ಬರುವುದರೊಳಗೆ ಎಲ್ಲ ಮುಗಿದಿತ್ತು. ಐವತ್ತನಾಲ್ಕರಲ್ಲಿ ಹತ್ತೊಂಬತ್ತು ಕುರಿ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಕಟ್ಟಿ ಬಿದ್ದಿದ್ದವು. ರಾಮಲಿಂಗ ಮೊಣಕಾಲೂರಿ ಉಳಿದವುಗಳ ಬಾಯಿಗೆ ಬೆಲ್ಲದ ನೀರು ಹೊಯ್ಯುತ್ತಿದ್ದ. ಅವನ ಅಂಗಿಯೆಲ್ಲ ತೊಯ್ದಿತ್ತು.

ಜೋಳ ಕೊಯ್ದ ಹೊಲದ ಕೂಳೆಗೆ ನೀರು ತಾಗಿ ಒಡೆಯುವ ಎಳೆ ಚಿಗುರು ಕುರಿಗೆ ವಿಷ. ಇದು ಅಲ್ಲಿಯ ಸಣ್ಣ ಕೂಸಿಗೂ ಗೊತ್ತು, ರಾಮಲಿಂಗನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಕುರಿ ಬಿಟ್ಟ ಆ ಹೊಲ ಈ ಬಿಸಿಲಿನಲ್ಲಿ ಹಪ್ಪಳದ ಹಾಗೆ ಒಣಗಿರುತ್ತದೆಂದು ಅವನು ಹುಟ್ಟಿದಾಗಿನಿಂದ ನೋಡಿದ್ದ. ಈ ಸಲ ಮೇಲಿನ ಕಾಲುವೆಯ ನೀರು ಮಣ್ಣೊಳಗಿಂದ ಜಿನುಗಿ ಇಳಿದಿತ್ತು. ಹೊಲದ ನಡುವಿನ ತಗ್ಗಿನಲ್ಲಿ, ಬದುವಿನಿಂದ ಕಾಣದ ಜಾಗದಲ್ಲಿ, ಗೇಣುದ್ದ ಹಸಿರು ಎದ್ದಿತ್ತು. ಹಸಿದ ಕುರಿಗಳು ಅದನ್ನು ಕಂಡವು. ಅವನು ಕಾಣಲಿಲ್ಲ.

ಸತ್ತವನ್ನು ಮಣ್ಣು ಮಾಡಿದರು. ಶಿದ್ರಾಯ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಹೆಂಡತಿಯ ಮುಂದೆ ಅಂದ.

"ನಾ ಇದ್ದರೂ ಅದೇ ಹೊಲಕ್ಕ ಬಿಡ್ತಿದ್ನಿ."

"ಹಂಗಾರ ಅದನ್ನ ಅವಗ ಹೇಳಿ ಬರ್ರಿ."

"ಅದರಾಗ ಹೇಳೂದೇನೈತಿ? ಅವಗ ಗೊತ್ತಿರ್ತದ."

ಅವನಿಗೆ ಗೊತ್ತಿರಲಿಲ್ಲ. ರಾಮಲಿಂಗ ಹಳ್ಳ ದಾಟಿ ಬರುವುದನ್ನೇ ಬಿಟ್ಟ. ಎಂಟು ದಿನ ಕಾದು ಯಮನವ್ವ ತಾನೇ ಹೋದಳು. ಅವನು ಪಡಸಾಲೆಯಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದ. ಉಳಿದ ಹಿಂಡನ್ನು ಮತ್ತೆ ಇವನ ಕೈಗೇ ಕೊಡಬೇಕು, ಬೇರೆಯವರಿಗೆ ಕೊಟ್ಟರೆ ಇವನು ಜನ್ಮವಿಡೀ ಹೀಗೇ ಕೂತಿರುತ್ತಾನೆ ಎಂದು ಅವಳ ಮನಸ್ಸು ಹೇಳಿತ್ತು.

"ರಾಮಲಿಂಗ, ಬರೋ ಸೋಮವಾರ ನಾವು ಹೊಂಡೂದು. ಕುರಿ ನೀನs ನೋಡಬೇಕು."

"ನನ್ನ ಕೈಯಾಗ ಕೊಡಬ್ಯಾಡ ವೈನಿ."

"ನಿಮ್ಮಣ್ಣ ಹೇಳಿದ್ರು, ತಾ ಇದ್ದರೂ ಅಲ್ಲೇ ಬಿಡ್ತಿದ್ನಿ ಅಂತ."

"ಅಣ್ಣ ಹೇಳಿದ್ರ ನನ್ನ ಮುಂದ ಹೇಳ್ತಿದ್ದ" ಎಂದ ಅವನು. ಗೋಡೆ ಬಿಟ್ಟು ಇತ್ತ ತಿರುಗಲಿಲ್ಲ.

ಹೊಸ್ತಿಲಿನ ತನಕ ಬಂದ ಗುರವ್ವ ಮೆಲ್ಲಗೆ, "ಉಣ್ಣೂದೂ ಕಡಿಮಿ ಮಾಡ್ಯಾನ ಅಕ್ಕಾ" ಎಂದಳು.

ಆ ರಾತ್ರಿ ಶಿದ್ರಾಯನಿಗೆ ಅವಳು ಮತ್ತೆ ಹೇಳಿದಳು. ಅವನು "ಹೂಂ, ನಾಳಿ ಹೋಗ್ತೀನಿ" ಅಂದ. ಆ ನಾಳೆ ಬರಲಿಲ್ಲ. ಕುರಿಗಾಗಿ ಹತ್ತು ಹರದಾರಿ ನಡೆಯುವವನಿಗೆ ಆ ಹಳ್ಳ ದಾಟುವುದಾಗಲಿಲ್ಲ.

ತಾಯಿ ಸತ್ತ ಏಳು ಮರಿ ಉಳಿದಿದ್ದವು. ಅವಕ್ಕೆ ಬಾಟಲಿಯ ಹಾಲು ಕುಡಿಸಬೇಕು, ಯಮನವ್ವನ ಕೈಯೊಂದನ್ನು ಬಿಟ್ಟು ಬೇರೆಯವರ ಕೈಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ರಾಮಲಿಂಗನೂ ಬರುವ ಹಾಗೆ ಕಾಣದೆ ಅವಳು ದೀಪಾಲಿಗೆ ಫೋನು ಮಾಡಿದಳು. "ನನ್ನ ಟಿಕೆಟ್ ರದ್ದ ಮಾಡಿಸಿಬಿಡು. ಅಪ್ಪನ್ನ ಕರ್ಕೊಂಡು ಹೋಗ್ರಿ."

"ನೀ ಇಲ್ದ ಅಪ್ಪ ಅಲ್ಲೇನು ಮಾಡ್ತಾನವ್ವಾ?" ದೀಪಾಲಿ ಅತ್ತಳು.

"ಒಬ್ಬರರ ನೋಡಿ ಬರಲಿ. ಬಂದು ಹೇಳ್ತಾರ."

ಶಿದ್ರಾಯ ತಾನೂ ಒಲ್ಲೆನೆಂದ. ಅವಳು ಕೇಳಲಿಲ್ಲ. ಇಬ್ಬರೂ ಉಳಿದರೆ ಪ್ರವಾಸ ಕೆಟ್ಟದ್ದು ರಾಮಲಿಂಗನಿಂದ ಎಂದು ಊರೆಲ್ಲ ಆಡುತ್ತದೆ. ಒಬ್ಬರು ಹೋದರೆ ಬಾಯಿ ಮುಚ್ಚುತ್ತದೆ. ಇದು ಅವಳ ಲೆಕ್ಕ.

ಸೋಮವಾರ ಬೆಳಿಗ್ಗೆ ಜೀಪು ದಾರಿಗೆ ಬಂತು. ಶಿದ್ರಾಯ ಚೀಲ ಹೆಗಲಿಗೇರಿಸಿ ಕುರಿಹಟ್ಟಿಯ ಮುಂದೆ ಒಂದು ಗಳಿಗೆ ನಿಂತ, ಏನೋ ಹೇಳುವವನ ಹಾಗೆ. "ಮೇಲಿನ ದಿಬ್ಬದ ಕಡಿ ಬಿಡು" ಎಂದಷ್ಟೇ ಹೇಳಿ ಹೋದ.

ಯಮನವ್ವ ಹಟ್ಟಿಯ ಹಿಂದಿನ ಮೂಲೆಯಲ್ಲಿ ಕೂತು ಮರಿಗಳಿಗೆ ಹಾಲು ಹಿಡಿದಳು. ಜೀಪಿನ ಸದ್ದು ಅಡಗಿ ಸ್ವಲ್ಪ ಹೊತ್ತಾಗಿರಬೇಕು, ಮುಳ್ಳಿನ ಬೇಲಿಯ ಬಾಗಿಲು ಸರಿಯಿತು. ರಾಮಲಿಂಗ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೊಡ್ಡ ರೊಟ್ಟಿಗಂಟು, ನೀರಿನ ಕ್ಯಾನು. ಅವಳನ್ನು ಅವನು ನೋಡಲಿಲ್ಲ. ಒಂದೊಂದೇ ಕುರಿಯ ಬೆನ್ನಿಗೆ ಕೈಯಿಟ್ಟು ಎಣಿಸುತ್ತ, "ಅಂಜಬ್ಯಾಡ್ರಿ... ಅವರು ಬರೂತನಕ ನಾ ಇಲ್ಲೇ ಮಲಗ್ತೀನಿ" ಎನ್ನುತ್ತಿದ್ದ.

ಒಂದು ಮರಿ ಅರಚಿತು. ಅವನು ತಿರುಗಿದ.

"ವೈನೀ! ನೀ ಹೋಗಲಿಲ್ಲೇನು?"

"ಇಲ್ಲೋ."

"ಯಾಕ? ಇಬ್ಬರೂ ಹ್ವಾದ್ರಿ ಅಂತ ತಿಳ್ಕೊಂಡು... ಹ್ಯಾಂಗೂ ಬರಾಂವ ಇದ್ನಿ ನಾ. ಅಣ್ಣನ ಮಾರಿ ನೋಡಾಕ ಆಗವಲ್ದು, ಅದಕ್ಕ ಜೀಪು ಹೋಗೂದನ್ನ ಕಾಯಾಕತ್ತಿದ್ನಿ."

ಯಮನವ್ವ ಆ ರೊಟ್ಟಿಗಂಟನ್ನೇ ನೋಡಿದಳು. ಬರುವುದನ್ನು ಮೊದಲೇ ಹೇಳಬಾರದಾಗಿತ್ತೇ ಎಂದು ಬಾಯಿಗೆ ಬಂದ ಮಾತನ್ನು ನುಂಗಿದಳು.

"ಮರೀ ಬಿಟ್ಟು ಹೋಗಾಕ ಮನಸಾಗಲಿಲ್ಲೋ. ಬಿಸಲ ಏರಾಕತ್ತು, ಹೊಡಕೊಂಡು ನಡಿ."

"ನೀನೂ ಬರ್ತಿಯೇನು?"

"ನಾ ಯಾಕ? ನೀ ಇದ್ದೀಯಲ್ಲ."

ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು ಹಿಂಡು ಹೊರಡಿಸಿದ. ಧೂಳು ದಿಬ್ಬ ಏರಿ ಕರಗಿತು. ಹಟ್ಟಿ ಬರಿದಾಯಿತು. ಹಾಲು ಕುಡಿದ ಮರಿಗಳು ನೆರಳಿಗೆ ಬಿದ್ದು ನಿದ್ದೆ ಹೋದವು. ಯಮನವ್ವನಿಗೆ ಮಾಡಲು ಏನೂ ಉಳಿದಿರಲಿಲ್ಲ.

ಫೋನು ಬಂತು. ಶಿದ್ರಾಯ ಜತ್ತಿನಲ್ಲಿ ಮಿರಜದ ಬಸ್ಸು ಹತ್ತಿ ಕೂತಿದ್ದ.

"ಕುರಿ ಬಿಟ್ಟಿಯೇನು?"

"ಹೋದವು. ರಾಮಲಿಂಗ ಬಂದು ಹೊಡಕೊಂಡು ಹ್ವಾದ."

ಬಸ್ಸಿನಲ್ಲಿ ಯಾರೋ ಚಿಲ್ಲರೆಗಾಗಿ ಜಗಳಾಡುತ್ತಿದ್ದರು.

"ಮತ್ತ... ನೀ?" ಎಂದ ಅವನು.

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವನೂ ಫೋನು ಇಡಲಿಲ್ಲ. ಕಂಡಕ್ಟರ್ ಎರಡು ಸಲ ಗಂಟೆ ಹೊಡೆದದ್ದು, ಬಸ್ಸು ಗುರ್ ಎಂದು ಮುಂದೆ ಜರುಗಿದ್ದು ಅವಳಿಗೆ ಚೆನ್ನಾಗಿ ಕೇಳಿಸಿತು.