ಕೊಕ್ಕು ಮುರಿದ ಗಿಣಿ

ಸರ್ಕಾರಕ್ಕೆ ನಾನು ಹಾಕಿದಷ್ಟು ಶಾಪವನ್ನು ಹೊಸನಗರದಲ್ಲಿ ಇನ್ಯಾರೂ ಹಾಕಿರಲಾರರು. ಕಾಡು ಉಳಿಯಬೇಕು, ಹೊಗೆ ಇಳಿಯಬೇಕು, ಕಂಚು ಕರಗಿಸುವವರು ಇದ್ದಿಲು ಬಿಡಬೇಕು, ಹಳೇ ಕುಲುಮೆ ಒಡೆದವರಿಗೆ ಕರೆಂಟಿನ ಕುಲುಮೆ ಕೊಡುತ್ತೇವೆ ಎಂದು ಎಂಬತ್ತಮೂರರಲ್ಲಿ ಹೇಳಿದ್ದರು. ಎರಡು ಮನೆಗೆ ಸೇರಿ ಒಂದು. ನಮ್ಮದೊಂದು ಮನೆ, ತೀರ್ಥಹಳ್ಳಿಯ ನನ್ನ ಅಣ್ಣ ವಾಸಪ್ಪನದೊಂದು.

"ಮೊದ್ಲು ನೀನು ಒಡಿ ತಂಗಿ. ನಾನು ಓಡಾಡಿ ತರ್ಸಿ ನಿನ್ನ ಮನೇಲೇ ಇಡ್ಸ್ತೀನಿ. ಭಾವಂಗೆ ಕಣ್ಣಿಲ್ಲ, ಅವ್ರೆಲ್ಲಿ ತಿರುಗ್ತಾರೆ ಪಾಪ" ಎಂದಿದ್ದ ಅಣ್ಣಯ್ಯ.

ಒಡಹುಟ್ಟಿದವನ ಮಾತು. ಮಾವನವರ ಕಾಲದ ಕುಲುಮೆಗೆ ಕುಂಕುಮ ಹಚ್ಚಿ, ಕೈಮುಗಿದು, ನಾನೇ ಹಾರೆ ಹಾಕಿದೆ. ಕಣ್ಣು ಹೋಗುವ ಮೊದಲು ನನ್ನ ಗಂಡ ತಿಮ್ಮಣ್ಣ ಕೆತ್ತಿದ್ದ ಗಂಟೆ ಎರಕದ ಮರದ ಅಚ್ಚನ್ನೂ ಅಣ್ಣಯ್ಯ ಸರ್ಕಾರದ ಸಾಹೇಬರಿಗೆ ತೋರಿಸಬೇಕೆಂದು ಒಯ್ದ. ಅದರ ಅಂಚಿನಲ್ಲೊಂದು ಗಿಣಿ. ಉಳಿ ಜಾರಿ ಅದರ ಕೊಕ್ಕು ಮುರಿದಿತ್ತು.

ಎರಡು ಮಳೆಗಾಲ ಕಳೆಯಿತು. "ಸರ್ಕಾರದ ಕೆಲ್ಸ ಗೊತ್ತಲ್ಲ, ತಡಿ" ಎನ್ನುತ್ತಲೇ ಇದ್ದ. ನಾನು ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತ ಸರ್ಕಾರವನ್ನು ಬೈದೆ. ಇವರು ಕುಲುಮೆಯಿದ್ದ ಖಾಲಿ ಗುಂಡಿಯ ಪಕ್ಕ ಕೂತು ದಿನಾ ಕೇಳುತ್ತಿದ್ದರು, "ಬಂತೇನೇ?"

ಒಂದು ದಿನ ಹುಲಿಕಲ್ ಕಡೆಯ ದೇವಸ್ಥಾನದಿಂದ ಕರೆ ಬಂತು. ನಿಮ್ಮಣ್ಣ ಗಂಟೆ ಎರಕ ಹೊಯ್ದುಕೊಟ್ಟಿದ್ದಾನೆ, ಹೊಯ್ದವರ ಮನೆಯ ಹೆಣ್ಣುಮಗಳು ಗಂಟೆಗೆ ಮೊದಲ ನೀರೆರೆಯುವುದು ಪದ್ಧತಿ, ಬಾ ಎಂದು. ತನ್ನದನ್ನೂ ಒಡೆದೆ ಎಂದಿದ್ದ ಅಣ್ಣಯ್ಯ, ಕುಲುಮೆಯಿಲ್ಲದೆ ಎಲ್ಲಿ ಹೊಯ್ದ? ಇವರನ್ನೂ ಕರೆದುಕೊಂಡು ಹೋದೆ. ಜಗಲಿಯಲ್ಲಿ ಕೂರಿಸಿ ಬಾವಿಗೆ ನೀರಿಗೆ ಹೋದರೆ, ಅರ್ಚಕರ ಹೆಂಡತಿ ಯಮುನಮ್ಮ ನಕ್ಕರು.

"ನಿಮ್ಮಣ್ಣನ ಮನೆಗೆ ಕರೆಂಟ್ ಕುಲುಮೆ ಬಂದು ವರ್ಷ ಆಯ್ತಂತಲ್ಲ. ಚೂರೂ ಹೊಗೆ ಇಲ್ವಂತೆ!"

ಆಡಿದ ಮಾತಿಗೆ ಸರ್ಕಾರ ತಪ್ಪಿರಲಿಲ್ಲ. ನಂಬಿಸಿ ಕತ್ತು ಕೊಯ್ದವನು ನನ್ನ ಅಣ್ಣ. ಅವನು ಶಾಲು ಹೊದ್ದು ಅಲ್ಲಿಗೇ ಬಂದ.

"ನಮ್ಮನೆಗೆ ಅಂತ ಬಂದಿದ್ದಲ್ವಾ ಅಣ್ಣಯ್ಯ ಅದು?"

"ಹೆಂಗ್ಸು ನೀನು, ಅದೆಲ್ಲ ನಿನ್ನ ಕೈಲಾಗಲ್ಲ. ಗಂಟೆ ಉಜ್ಜೋ ಕೆಲ್ಸ ಕೊಡ್ತೀನಿ, ಬಾ" ಎಂದ. ಮುಖ ನೋಡಲಿಲ್ಲ.

ತುಂಬಿದ ಕೊಡ ಹೊತ್ತು ಜಗಲಿಗೆ ಬಂದೆ. ಅಣ್ಣಯ್ಯನೂ ಹಿಂದೆಯೇ ಬಂದ. ಇವರು ಹಲಗೆಯ ಮೇಲಿಟ್ಟಿದ್ದ ಗಂಟೆಯನ್ನು ಸವರುತ್ತಿದ್ದರು. ಅಂಚಿಗೆ ಬಂದ ಬೆರಳು ನಿಂತಿತು. ಮುರಿದ ಕೊಕ್ಕನ್ನು ಮತ್ತೆ ಮತ್ತೆ ಮುಟ್ಟಿದರು. ಆ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತೋ!

"ನಮ್ಮ ಗಿಣೀನೇ ಕಣೇ! ಹಂಗಾದ್ರೆ ಕುಲುಮೆ ಬಂತಾ?"

ನೀರೆರೆಯಲಿಲ್ಲ. ಕೊಡವನ್ನು ಅಣ್ಣಯ್ಯನ ಕಾಲ ಬಳಿ ಇಳಿಸಿದೆ.

"ನಿನ್ನ ಭಾವಂಗೆ ನೀನೇ ಹೇಳು" ಎಂದೆ.