ದೋಣಿಯ ಬ್ಯಾಟರಿ ತುಂಬಿದ ದಿನ

ಗಡಿಯಾರ ರಿಪೇರಿ ಮಾಡುವವಳ ಅಪ್ಪನಿಗೆ ಕಣ್ಣು ಮಬ್ಬಾಗುತ್ತಿತ್ತು. ಮೂವತ್ತು ವರ್ಷ ಕೆರೆಯಲ್ಲಿ ಜನರನ್ನು ದಾಟಿಸಿದ ಅಂಬಿಗ. ಈಗ ಕಿಟಕಿಯ ಬೆಳಕೊಂದು ಚೌಕ, ಮಗಳ ಮುಖವೊಂದು ನೆರಳು, ಅಷ್ಟೇ. ಡಾಕ್ಟರು ಅದೂ ಹೆಚ್ಚು ದಿನ ಇರಲಾರದು ಅಂದಿದ್ದರು.

"ಅದಕ್ಕೆ ಮುಂಚೆ ಒಂದ್ಸಲ ನೀರಿನ ಮೇಲೆ ಸೂರ್ಯ ಏಳೋದು ನೋಡ್ಬೇಕು ಕಣೆ," ಅಂದ. ಹುಟ್ಟು ಹಾಕುವ ಶಕ್ತಿ ಅವನ ತೋಳಿಗಿರಲಿಲ್ಲ, ಅವಳಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ. ಆದರೆ ದೋಣಿಗೆ ಒಂದು ಪುಟ್ಟ ಕರೆಂಟ್ ಮೋಟಾರಿತ್ತು. ಅದರ ಬ್ಯಾಟರಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು ಅರ್ಧ ಖಾಲಿಯಾಗಿತ್ತು. ಅದರ ಚಾರ್ಜರ್ ಎಂದೋ ಕೈಕೊಟ್ಟಿತ್ತು.

ಮರುದಿನ ಬೆಳಗ್ಗೆ ಅವಳು, ಗುಂಡಿ ತಿರುಗಿಸಿ ವೋಲ್ಟ್ ಹೆಚ್ಚು ಕಡಿಮೆ ಮಾಡಬಹುದಾದ ಅಂಗಡಿಯ ಪವರ್ ಸಪ್ಲೈಯನ್ನು ಮೇಜಿನ ಮೇಲಿಟ್ಟಳು. ತಂತಿ ಜೋಡಿಸುವ ಮೊದಲೇ, ಬ್ಯಾಟರಿಯ ಮೈಮೇಲೆ ಬರೆದಿದ್ದಂತೆ ಹದಿನಾಲ್ಕೂವರೆಗಿಂತ ಚೂರು ಕಡಿಮೆ ವೋಲ್ಟ್ ಇಟ್ಟಳು. ಎರಡು ಆಂಪಿಯರ್‌ಗಿಂತ ಹೆಚ್ಚು ಹರಿಯದಂತೆ ಕಟ್ಟು ಹಾಕಿದಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎರಡೆರಡು ಸಲ ನೋಡಿ ಕ್ಲಿಪ್ ಸಿಕ್ಕಿಸಿದಳು.

"ಈಗ ಎಷ್ಟು?" ಅಪ್ಪ ಕುರ್ಚಿ ಎಳೆದುಕೊಂಡು ಕೂತ.

"ಎರಡು."

ಮಧ್ಯಾಹ್ನದವರೆಗೂ ಎರಡೇ. ಗೋಡೆಯ ಗಡಿಯಾರಗಳು ಒಂದೊಂದೂ ತನ್ನದೇ ಹೊತ್ತು ಹೇಳುತ್ತಿದ್ದವು. ಅಪ್ಪ ಅರೆನಿದ್ದೆಯಲ್ಲಿ ಮೀನುಗಳ ಜೊತೆ ಮಾತಾಡಿದ, ಸತ್ತುಹೋದ ಹೆಂಡತಿಗೆ ದೋಣಿಯಲ್ಲಿ ಜಾಗ ಬಿಡಲು ಕಾಲು ಮಡಚಿಕೊಂಡ. ಎಚ್ಚರವಾದಾಗಲೆಲ್ಲ "ಎಷ್ಟು?" ಎಂದ. ಒಂದೂವರೆ, ಆಮೇಲೆ ಒಂದು.

"ಸೊರಗ್ತಿದೆಯಲ್ಲೇ!"

"ಇಲ್ಲಪ್ಪ, ಅದು..." ಅನ್ನುವಷ್ಟರಲ್ಲಿ ಗಿರಾಕಿಯೊಬ್ಬರು ಕರೆದರು. ಅವಳು ಮುಂಬಾಗಿಲಿಗೆ ಹೋದಳು.

ವಾಪಸ್ಸು ಬರುವಾಗ ಒಳಗಿನಿಂದ ಅಪ್ಪನ ದನಿ: "ಮಗಾ, ಇದು ಬುಸುಗುಡ್ತಿದೆ. ಕೊಳೆತ ಮೊಟ್ಟೆ ವಾಸನೆ ಬೇರೆ."

ಮೀಟರು ಹದಿನೇಳು ವೋಲ್ಟ್ ತೋರಿಸುತ್ತಿತ್ತು. ಅವಳು ಕ್ಲಿಪ್ಪಿಗೆ ಕೈ ಹಾಕಲಿಲ್ಲ. ಬ್ಯಾಟರಿಯಿಂದ ಹೊಮ್ಮಿದ ಅನಿಲ ಹೊತ್ತಿಕೊಳ್ಳಲು ಒಂದು ಕಿಡಿ ಹಾರಿದರೂ ಸಾಕಿತ್ತು. ದೂರದ ಗೋಡೆಯ ಸ್ವಿಚ್ ಆರಿಸಿ, ಕಿಟಕಿ ಬಾಗಿಲು ತೆರೆದು, ಅಪ್ಪನನ್ನು ಹೊರಗೆ ಕರೆದುಕೊಂಡು ಹೋದಳು. ಗಾಳಿಯಾಡಿದ ಮೇಲೆ ಬಂದು ತಂತಿ ಬಿಡಿಸಿದಳು. ಬ್ಯಾಟರಿ ಬೆಚ್ಚಗಿತ್ತು, ಪುಣ್ಯಕ್ಕೆ ಊದಿಕೊಂಡಿರಲಿಲ್ಲ.

"ಗುಂಡಿ ನಾನೇ ತಿರುಗಿಸಿದ್ದು," ಅಪ್ಪ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಹೇಳಿದ. "ನಿಂತೇ ಹೋಗುತ್ತೇನೋ ಅನ್ನಿಸ್ತು."

ಬೈಯಲು ಬಾಯಿ ತೆರೆದವಳು ಹಾಗೇ ಅವನ ಪಕ್ಕದಲ್ಲಿ ಕೂತಳು.

"ಅಂಕಿ ಇಳಿದ್ರೆ ಅದಕ್ಕೆ ಹೊಟ್ಟೆ ತುಂಬ್ತಿದೆ ಅಂತ ಅರ್ಥ. ಸಾಕು ಅಂದವರ ಬಾಯಿಗೆ ತುರುಕಿದ್ರೆ ಏನಾಗುತ್ತೆ?"

"ನಿಮ್ಮಮ್ಮ ನನಗೆ ಹಾಗೇ ಬಡಿಸ್ತಿದ್ಲು," ಅಂದ ಅಪ್ಪ. ಇಬ್ಬರೂ ನಕ್ಕರು.

ಒಂದು ರಾತ್ರಿ ತಣ್ಣಗಾಗಲು ಬಿಟ್ಟು, ಮೊದಲಿನ ವೋಲ್ಟಿಗೇ ಇಳಿಸಿ ಮತ್ತೆ ಹಚ್ಚಿದಳು. ಈ ಸಲ ಅವಳು ಅಲ್ಲಾಡಲಿಲ್ಲ. ಅಂಕಿ ಮುಕ್ಕಾಲಾಯಿತು, ಅರ್ಧವಾಯಿತು, ಕಾಲು ಆಂಪಿಯರ್‌ಗಿಂತ ಕೆಳಗೆ ಬಂತು. ಪ್ರತಿ ಇಳಿತಕ್ಕೂ ಅಪ್ಪ ಮೆಲ್ಲಗೆ ಚಪ್ಪಾಳೆ ತಟ್ಟಿದ. ಕ್ಲಿಪ್ ತೆಗೆದು ಸಂಜೆವರೆಗೆ ಬಿಟ್ಟು ಅಳೆದರೆ ಹನ್ನೆರಡೂ ಮುಕ್ಕಾಲು ವೋಲ್ಟ್, ಕದಲದೆ ನಿಂತಿತ್ತು. ಬ್ಯಾಟರಿ ತುಂಬಿತ್ತು.

ಮುಂದಿನ ಮುಂಜಾವು ಕೆರೆ ಮಂಜಿನಡಿ ಮಲಗಿತ್ತು. ಮೋಟಾರು ಸದ್ದೇ ಇಲ್ಲದೆ ದೋಣಿಯನ್ನು ಒಯ್ದಿತು. ದಡ ಜಾರಿಹೋಯಿತು, ಯಾರೋ ಕನಸಿನಲ್ಲಿ ಬಾಗಿಲು ಮುಂದೆ ಮಾಡಿದಂತೆ. ನಡುನೀರಿನಲ್ಲಿ ಅಪ್ಪ ಕೈಯೆತ್ತಿದ. ಅವಳು ಮೋಟಾರು ನಿಲ್ಲಿಸಿದಳು.

ಮಂಜು ಮೊದಲು ಬೂದಿಯಾಗಿತ್ತು, ಆಮೇಲೆ ಹಾಲಾಯಿತು, ಆಮೇಲೆ ಒಳಗಿಂದಲೇ ಹೊಂಬಣ್ಣ ಒಸರಿತು. ಅವಳಿಗೂ ಸೂರ್ಯ ಕಾಣಲಿಲ್ಲ, ಎಲ್ಲ ಕಡೆಯೂ ಬರೀ ಬೆಳಕು.

"ನಿನಗೇನು ಕಾಣುತ್ತೆ?" ಅಪ್ಪ ಕೇಳಿದ.

"ಬರೀ ಬೆಳಕಪ್ಪ. ದಡ ಇಲ್ಲ, ನೀರಿಲ್ಲ."

"ನಂಗೂ ಅಷ್ಟೇ," ಅಂದ ಅವನು ಸಂತೋಷದಿಂದ, ಅವಳ ಮೊಣಕಾಲು ತಟ್ಟುತ್ತ. "ಇವತ್ತು ಇಬ್ಬರಿಗೂ ಒಂದೇ ಕಣ್ಣು ನೋಡು."